ಒಕುಹರಾಳ ಮೊಣಕಾಲು
ಜಪಾನಿನ ನಾಗಾನೊ ಪ್ರಾಂತದ ಪರ್ವತಗಳ ಮಡಿಲಲ್ಲಿ ಜನಿಸಿದ ನೊಜೊಮಿ ಒಕುಹರಾಳ ಬ್ಯಾಡ್ಮಿಂಟನ್ ಆಟವನ್ನು ಹಲವು ವರ್ಷಗಳಿಂದ ಆಸ್ಥೆಯಿಂದ ಗಮನಿಸುತ್ತ ಬಂದಿರುವ ನನಗೆ, ಆಕೆಯ ವಿಜಯಗಳು ಎಷ್ಟು ಹರ್ಷವನ್ನಿತ್ತಿವೆಯೋ ಆಕೆಯ ಮೊಣಕಾಲುಗಳು ಅಷ್ಟೇ ಕಳವಳವನ್ನೂ ಇತ್ತಿವೆ. ಐದಡಿಯನ್ನು ಸ್ವಲ್ಪವೇ ಮೀರಿದ ಎತ್ತರದವಳಿಗೆ ಮೇಲಿನಿಂದ ಬಲವಾಗಿ ಹೊಡೆದು ಅಂಕ ಗಳಿಸುವ ಮಾರ್ಗ ಸುಲಭವಲ್ಲವಾದುದರಿಂದ, ಅಂಗಣದ ನಾಲ್ಕು ಮೂಲೆಗಳಿಗೂ ಓಡಿ, ಬಾಗಿ, ನೆಗೆದು, ಎದುರಾಳಿಯ ತಾಳ್ಮೆ ತೀರುವವರೆಗೂ ಶಟಲನ್ನು ಹಿಂದಿರುಗಿಸುತ್ತಲೇ ಇರುವುದು ಆಕೆ ಹಿಡಿದ ದಾರಿ. ಅದರ ಸುಂಕವನ್ನು ತೆತ್ತವು ಕಾಲುಗಳು. ತಾರುಣ್ಯದ ಹೊಸ್ತಿಲಲ್ಲೇ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಒಳಗಾಗಿಯೂ ಮರಳಿ ಎದ್ದುನಿಂತು, 2016ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನೂ ರಿಯೊ ಒಲಿಂಪಿಕ್ಸಿನ ಕಂಚನ್ನೂ ಪಡೆದಳು. ಮರುವರ್ಷ ಗ್ಲಾಸ್ಗೊದಲ್ಲಿ, ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯದಲ್ಲಿ, ನಮ್ಮ ಭಾರತದ ಆಟಗಾರ್ತಿ ಪಿ.ವಿ. ಸಿಂಧುವಿನೊಡನೆ 110 ನಿಮಿಷ ಸೆಣಸಿ, 73 ಹೊಡೆತಗಳ ಒಂದೇ ರ್‍ಯಾಲಿಯ ಕೊನೆಯಲ್ಲಿ ಎರಡನೆಯ ಗೇಮನ್ನು ಕಳೆದುಕೊಂಡರೂ ಮೂರನೆಯದನ್ನು 22-20ರಿಂದ ಆಕೆ ಗೆದ್ದಾಗ, ಹರ್ಷಿಸಬೇಕೋ ದುಃಖಿಸಬೇಕೋ ತಿಳಿಯದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು. 2021ರಲ್ಲಿ ಆಲ್ ಇಂಗ್ಲೆಂಡ್ ಮತ್ತೊಮ್ಮೆ ಒಲಿಯಿತು. ಬಳಿಕ ಗಾಯಗಳ ದೀರ್ಘಕಾಲ, ಪ್ಯಾರಿಸ್ ಒಲಿಂಪಿಕ್ಸಿನ ಸ್ಥಾನವೂ ಕೈತಪ್ಪಿತು. ಆಕೆ ಅಂಗಣಕ್ಕೆ ತಲೆಬಾಗಿ ವಂದಿಸಿ ಒಳಹೊಕ್ಕಾಗಲೆಲ್ಲ ನನ್ನ ದೃಷ್ಟಿ ಮೊದಲು ಹರಿಯುವುದು ಆ ಮೊಣಕಾಲುಗಳ ಕಡೆಗೇ.