ಬದುವಿಗೆ ಎಣ್ಣಿ ಹೊಡೆಯೋದು ನಿಲ್ಲಿಸೋಣ

ಮುಂಗಾರು ಮುಗಿಯುವ ಹೊತ್ತಿಗೆ ಕೊಳಕೂರಿನ ಹೊಲದ ಬದುವಿನ ಮೇಲೆ ಕತ್ತೆ ತುಂಬೆ ಕಾಣಬೇಕು. ಗಿಡ ಮೊಣಕಾಲೆತ್ತರ, ಮೈತುಂಬ ಬಿರುಸು ಕೂದಲು, ತಿಳಿ ನೀಲಿ ಹೂವು. ಹೂವು ನೆಲ ನೋಡಿಕೊಂಡೇ ಅರಳುತ್ತದೆ, ಅದಕ್ಕೇ ಸಂಸ್ಕೃತದಲ್ಲಿ ಇದು ಅಧಃಪುಷ್ಪಿ.

ಕಾಣಬೇಕು ಅಂದೆವು. ಈ ಸಲ ನಾವು ನೋಡಿದ ಎಷ್ಟೋ ಬದುಗಳು ಸೀದ ರೊಟ್ಟಿಯಂತಿದ್ದವು. ಕಸದ ಎಣ್ಣಿ ಹೊಡೆದಿದ್ದರು.

‘ಕಸ ಹೋದ್ರ ನಿಮಗೇನ್ರಿ?’ ಅಂತ ಕೇಳುತ್ತಾರೆ. ಬೆಳೆಯೊಳಗಿದ್ದರೆ ಅದು ಕಸ, ಒಪ್ಪುತ್ತೇವೆ. ಬದುವಿನ ಮೇಲಿದ್ದರೆ ಅದು ಮಣ್ಣು ಹಿಡಿಯುವ ಬೇರು. ಬೋಳು ಬದುವನ್ನು ದೊಡ್ಡ ಮಳೆ ಕೊರೆಯುತ್ತದೆ. ಮೇಲಾಗಿ, ಬೋಳಾದ ಜಾಗಕ್ಕೆ ಮೊದಲು ಬರೋದು ಕಾಂಗ್ರೆಸ್ ಕಸ. ನಮ್ಮ ನೆಲದ ಗಿಡ ಕೊಂದು ಹೊರಗಿನದಕ್ಕೆ ಜಾಗ ಬಿಟ್ಟುಕೊಟ್ಟಂತಾಯಿತು.

ನಮ್ಮ ಜಿಲ್ಲೆಯಲ್ಲಿ ಅಡವಿ ಎಷ್ಟಿದೆ? ಹೆಸರು ಹೇಳೋಕೆ ಚಿಂಚೋಳಿ ವನ್ಯಜೀವಿಧಾಮ ಇದೆ, 2011ರಲ್ಲಿ ಘೋಷಣೆಯಾದದ್ದು. ಜೇವರ್ಗಿ, ಅಫಜಲಪುರ, ಆಳಂದದವರಿಗೆ ಅಡವಿ ಅಂದರೆ ಬದು, ಹಳ್ಳದ ದಂಡೆ, ಗಾಯರಾಣ. ದುಂಬಿ, ಜೇನು ಬದುಕೋದು ಅಲ್ಲೇ. ತೊಗರಿ ತನ್ನಷ್ಟಕ್ಕೆ ತಾನು ಕಾಯಿ ಕಟ್ಟೀತು. ಸವತಿ, ಹೀರಿ, ಕುಂಬಳಕ್ಕೆ ದುಂಬಿ ಬರಲೇಬೇಕು. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ ಸಿಕ್ಕಾಗ ಹೆಮ್ಮೆಪಟ್ಟವರು ನಾವೇ. ಆ ಹೆಸರು ತಂದುಕೊಟ್ಟದ್ದು ಈ ಮಣ್ಣು.

ಕೂಲಿ ದುಬಾರಿ, ಆಳು ಸಿಗಲ್ಲ, ನಿಜ. ಆದರೆ ಬದುವಿಗೆ ಕುಡುಗೋಲು ಸಾಕು. ಹೂವು ಮುಗಿದ ಮೇಲೆ ಕೊಯ್ಯಿರಿ, ಬೇರು ಬಿಡಿ.

ಇನ್ನು ಕಾನೂನಿನ ಮಾತು. ಗ್ಲೈಫೊಸೇಟ್ ಕಳೆನಾಶಕವನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕವಲ್ಲದೆ ಯಾರೂ ಬಳಸಬಾರದು ಎಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ನಾವು ಒಂದು ಅಂಗಡಿಗೆ ಹೋಗಿ ಕೇಳಿದೆವು. ‘ಎಷ್ಟು ಲೀಟರ್ ಬೇಕ್ರಿ?’ ಅಂದರು. ಬೇರೇನೂ ಕೇಳಲಿಲ್ಲ.

ಇನ್ನೊಂದು ಎಚ್ಚರಿಕೆ. ಔಷಧಿ ಗಿಡ ಅಂತ ಕತ್ತೆ ತುಂಬೆಯ ಕಷಾಯ ಕುಡಿಯಬೇಡಿ. ಈ ಕುಟುಂಬದ ಹಲವು ಗಿಡಗಳಲ್ಲಿ ಪಿತ್ತಜನಕಾಂಗ ಕೆಡಿಸುವ ಅಂಶವಿದೆ. ಗಿಡ ಉಳಿಯಬೇಕಾದರೆ ಅದು ನಮಗೆ ಮದ್ದೇ ಆಗಬೇಕು ಅಂತೇನಿಲ್ಲ.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲಾತಿ ಪುಸ್ತಕ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ‘ಆ ಪುಸ್ತಕ ಎಲ್ಲಿದೆ ಸಾಹೇಬ್ರ? ಅದರಾಗ ಕತ್ತೆ ತುಂಬೆ ಇದೆಯೇನ್ರಿ?’

ಹೂವು ತಲೆ ತಗ್ಗಿಸೋದು ಅದರ ಹುಟ್ಟುಗುಣ. ಕೇಳುವಾಗ ನಾವು ತಗ್ಗಿಸೋದು ಬೇಡ.