ಹಾಡಾದರೆ ತತ್ತ್ವವಲ್ಲವೆ?

ಈಚೆಗೆ ರಾಯಚೂರಿನ ಒಂದು ಗೋಷ್ಠಿಯಲ್ಲಿ ಪಾಶ್ಚಾತ್ಯ ದರ್ಶನಗಳನ್ನು ಬಲ್ಲ ಮಹನೀಯರೊಬ್ಬರು, ತತ್ತ್ವಶಾಸ್ತ್ರವು ಹುಟ್ಟಿದ್ದು ಗ್ರೀಸಿನಲ್ಲಿ, ನಮ್ಮ ಸೀಮೆಯಲ್ಲಿ ಹುಟ್ಟಿದ್ದು ಬರಿಯ ಹಾಡು ಎಂದು ಅಪ್ಪಣೆ ಕೊಡಿಸಿದರು. ಸಭೆ ತಲೆದೂಗಿತು. ತಲೆದೂಗಿದವರಲ್ಲಿ ಮಾನವಿಯವರೂ ದೇವದುರ್ಗದವರೂ ಇದ್ದುದೇ ಈ ಲೇಖನಕ್ಕೆ ಕಾರಣ.

ಆ ಮಹನೀಯರ ಗ್ರೀಸಿನಲ್ಲಿ ಸಾಕ್ರೆಟೀಸ್, ಪ್ಲೇಟೋ, ಅರಿಸ್ಟಾಟಲ್ ಎಂಬ ಮೂವರೇ ವಾಸವಾಗಿದ್ದಂತೆ ತೋರುತ್ತದೆ. ಕ್ರಿ. ಪೂ. ೫ನೆಯ ಶತಮಾನದಲ್ಲಿ ದಕ್ಷಿಣ ಇಟಲಿಯ ಎಲಿಯಾ ಪಟ್ಟಣದ ಪಾರ್ಮೆನಿಡೀಸನು, ಸದ್ವಸ್ತು ಒಂದೇ, ಅದಕ್ಕೆ ಹುಟ್ಟೂ ಇಲ್ಲ, ಚಲನೆಯೂ ಇಲ್ಲ ಎಂದು ಸಾಧಿಸಿದನು. ಸಿಸಿಲಿಯ ಎಂಪೆಡೊಕ್ಲೀಸನು ಅಗ್ನಿ, ವಾಯು, ಜಲ, ಪೃಥ್ವಿಗಳೆಂಬ ನಾಲ್ಕು ಮೂಲಗಳು ಸ್ನೇಹದಿಂದ ಕೂಡಿ ಕಲಹದಿಂದ ಅಗಲುವುದೇ ಜಗದ್ವ್ಯಾಪಾರವೆಂದನು. ಇಬ್ಬರೂ ಬರೆದದ್ದು ಹೋಮರನ ಛಂದಸ್ಸಿನಲ್ಲಿ. ಹೋಮರನಿಗೂ ಎಂಪೆಡೊಕ್ಲೀಸನಿಗೂ ಛಂದಸ್ಸೊಂದನ್ನುಳಿದು ಸಮಾನವಾದುದೇನೂ ಇಲ್ಲ, ಎರಡನೆಯವನನ್ನು ಕವಿಯೆನ್ನುವುದಕ್ಕಿಂತ ಪ್ರಕೃತಿತತ್ತ್ವಜ್ಞನೆನ್ನುವುದೇ ಯುಕ್ತ ಎಂದು ಅರಿಸ್ಟಾಟಲನೇ ತನ್ನ ಕಾವ್ಯಮೀಮಾಂಸೆಯಲ್ಲಿ ತೀರ್ಪಿತ್ತಿರುವನು. ಸ್ಟೋಯಿಕ್ ಪಂಥದ ಎರಡನೆಯ ಗುರು ಕ್ಲಿಯಾಂಥೀಸನಂತೂ ಇರುಳೆಲ್ಲ ತೋಟಗಳಿಗೆ ನೀರು ಸೇದಿ ಹೊಟ್ಟೆಹೊರೆದು ಹಗಲು ಪಾಠ ಕೇಳಿದವನು. ಅವನ ಬರಹಗಳಲ್ಲಿ ನಮಗೆ ಉಳಿದಿರುವ ದೊಡ್ಡ ತುಣುಕು ಜ್ಯೂಸ್ ದೇವನ ಸ್ತೋತ್ರ. ದೇವರನಾಮ ರಚಿಸಿದವನು ತತ್ತ್ವಜ್ಞನಲ್ಲವೆಂದರೆ ಮೊದಲು ಇವನ ಹೆಸರನ್ನು ಹೊಡೆದುಹಾಕಬೇಕು.

ಇನ್ನು ನಮ್ಮ ಸೀಮೆ. ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಜನಿಸಿ ಮಾನವಿಯಲ್ಲಿ ನೆಲೆಸಿದ ಜಗನ್ನಾಥದಾಸರು (೧೭೨೮–೧೮೦೯): ಇದು ಗುರುಶಿಷ್ಯ ಪರಂಪರೆಯುಳ್ಳ ಪಂಥವಲ್ಲದೆ ಮತ್ತೇನು? ಸಂಸ್ಕೃತ ಪಂಡಿತರಾಗಿದ್ದ ಶ್ರೀನಿವಾಸಾಚಾರ್ಯರು ಕನ್ನಡದಾಸರನ್ನು ಹಗುರವಾಗಿ ಕಂಡು, ವಿಜಯದಾಸರ ಪಂಕ್ತಿಗೆ ಹೋಗದಿರಲು ಹೊಟ್ಟೆನೋವಿನ ನೆಪ ಹೇಳಿ, ನಿಜವಾದ ಹೊಟ್ಟೆನೋವಿಗೆ ಸಿಕ್ಕಿ, ಕಡೆಗೆ ತಾವೇ ಜಗನ್ನಾಥದಾಸರಾದರೆಂಬ ಐತಿಹ್ಯ ಮನೆಮನೆಗೂ ಗೊತ್ತು. (ಇಂದಿನ ಪಂಡಿತರಿಗೂ ಅದು ಬರಲೆಂದು ನಾನು ಹಾರೈಸುವುದಿಲ್ಲ.) ಅವರ ಹರಿಕಥಾಮೃತಸಾರವು ಭಾಮಿನೀ ಷಟ್ಪದಿಯಲ್ಲಿ ಪ್ರಮೇಯಗಳನ್ನು ಸಂಧಿಸಂಧಿಯಾಗಿ ವಿಂಗಡಿಸಿದ ಶಾಸ್ತ್ರಗ್ರಂಥ. ಈ ಕನ್ನಡ ಕೃತಿಗೆ ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದ ವಿದ್ವಾಂಸರುಂಟು.

ಒಂದು ಪ್ರಶ್ನೆಯನ್ನೇ ನೋಡೋಣ. ಎಲ್ಲವೂ ವಿಧಿಯಂತೆ ನಡೆಯುವುದಾದರೆ ಮನುಷ್ಯನಿಗೆ ಹೊಣೆಯೆಲ್ಲಿಯದು? ಕ್ಲಿಯಾಂಥೀಸನ ಶಿಷ್ಯ ಕ್ರೈಸಿಪ್ಪಸನು ಉರುಳೆಯ ದೃಷ್ಟಾಂತ ಕೊಟ್ಟನು. ಇಳಿಜಾರಿನಲ್ಲಿ ಉರುಳೆಯನ್ನು ದೂಡಿದ ಕೈ ಬೇರೆಯವರದು. ಆದರೆ ಅದು ಉರುಳುವುದು ತನ್ನ ಆಕಾರದಿಂದಲೇ. ದಾಸರ ಸಿದ್ಧಾಂತದಲ್ಲಿ ಹರಿಯೇ ಸರ್ವಪ್ರೇರಕ, ಜೀವನ ಕರ್ತೃತ್ವ ಹರಿಯು ಕೊಟ್ಟದ್ದು. ಆದರೂ ಪ್ರೇರಣೆಯು ಆಯಾ ಜೀವನ ಅನಾದಿಸ್ವಭಾವಕ್ಕೆ ತಕ್ಕಂತೆಯೇ ಫಲಿಸುವುದು. ಎರಡೂ ಒಂದೇ ಎನ್ನುತ್ತಿಲ್ಲ. ಸ್ಟೋಯಿಕರ ದೇವರು ಜಗತ್ತಿನಲ್ಲಿಯೇ ಬೆರೆತವನು. ದಾಸರ ಹರಿ ಜಗತ್ತಿನೊಳಗಿದ್ದೂ ಅದರಿಂದ ಭಿನ್ನ. ಆದರೆ ಆ ಆಕಾರವನ್ನು ಉರುಳೆ ತಾನೇ ಆರಿಸಿಕೊಂಡಿತೆ ಎಂಬ ಆಕ್ಷೇಪ ಎರಡಕ್ಕೂ ತಗಲುತ್ತದೆ. ಸ್ವಭಾವ ಅನಾದಿ, ಅದನ್ನು ಯಾರೂ ಮಾಡಿದ್ದಲ್ಲ, ಆದುದರಿಂದ ದೇವರಿಗೆ ದೋಷವಿಲ್ಲ ಎಂಬುದು ಇಲ್ಲಿಯ ಸಮಾಧಾನ. ನನಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಕೆಲವು ಜೀವರು ತಮಸ್ಸಿಗೇ ಯೋಗ್ಯರೆಂಬಲ್ಲಿ ಮನಸ್ಸು ಹಿಂಜರಿಯುತ್ತದೆ. ಆದರೆ ಒಪ್ಪದಿರುವುದಕ್ಕೂ ಓದಿರಬೇಕಷ್ಟೆ.

ದಾಸರು ಮಧ್ವಮತವನ್ನೇ ಹೇಳಿದರು, ಹೊಸದೇನು ಹೇಳಿದರು ಎಂಬ ಮಾತುಂಟು. ಎಪಿಕ್ಯೂರಸನ ಶಿಷ್ಯರು ತಲೆಮಾರುಗಟ್ಟಲೆ ಗುರುವಾಕ್ಯವನ್ನು ಬಿಟ್ಟು ಕದಲಲಿಲ್ಲ. ಅವರನ್ನು ಪಂಥವೆಂದೇ ಪಠಿಸುತ್ತೇವೆ.

ತಪ್ಪು ಕಾಲೇಜಿನವರದೇ ಅಲ್ಲ. ಗ್ರಂಥವನ್ನು ಮಡಿವಸ್ತ್ರದಲ್ಲಿ ಸುತ್ತಿಟ್ಟು, ಏಕಾದಶಿಗೆ ಪಾರಾಯಣ ಮುಗಿಸಿ, ಅರ್ಥ ಕೇಳಿದ ಮಗನನ್ನು ಗದರಿಸುವ ನಾವೂ ಅದನ್ನು ಹಾಡಿನ ಪುಸ್ತಕವೆಂದೇ ಒಪ್ಪಿಕೊಂಡಿದ್ದೇವೆ. ಕ್ರೈಸಿಪ್ಪಸನು ೭೦೦ಕ್ಕೂ ಮಿಕ್ಕಿ ಬರೆದನಂತೆ. ಒಂದಾದರೂ ಇಡಿಯಾಗಿ ಉಳಿದಿಲ್ಲ, ಪರರು ಉದ್ಧರಿಸಿದ ಚೂರುಗಳನ್ನು ಜೋಡಿಸಿ ಯುರೋಪಿನ ವಿದ್ವಾಂಸರು ಅವನೊಡನೆ ವಾದಿಸುತ್ತಾರೆ. ನಮ್ಮ ಗ್ರಂಥವೋ ಇಡಿಯಾಗಿ ಮಾಡದ ಗೂಡಿನಲ್ಲಿದೆ. ಮುಂದಿನ ಗೋಷ್ಠಿಯಲ್ಲಿ ಆ ಮಹನೀಯರು ಅದರ ದತ್ತಸ್ವಾತಂತ್ರ್ಯ ಸಂಧಿಯನ್ನು ಓದಿಕೊಂಡು ಬಂದು ಖಂಡಿಸಲಿ. ಕೇಳುವುದಕ್ಕೆ ಮುಂದಿನ ಸಾಲಿನಲ್ಲಿ ನಾನು ಕುಳಿತಿರುತ್ತೇನೆ.