ಗೃಹಕೃತ್ಯ: ಹೊಸ ನೆಲದ ಮೇಲಿನ ಸಿಮೆಂಟಿನ ಮಬ್ಬು

ಕೆಲಸಗಾರರು ಹೊಸ ಮನೆಯ ನೆಲಕ್ಕೆ ಟೈಲುಗಳನ್ನು ಹಾಸಿ ಹೊರಟುಹೋದ ಮೇಲೆ ಗೃಹಿಣಿಗೆ ಒಂದು ಚಿಂತೆಯು ಮೊದಲಾಗುವುದು. ನೆಲವನ್ನು ಎಷ್ಟು ಸಲ ಒರಸಿದರೂ, ಒದ್ದೆಯಾಗಿರುವಾಗ ಶುಭ್ರವಾಗಿ ತೋರಿ, ಆರಿದೊಡನೆ ಬೂದಿ ಬಳಿದಂತೆ ಮಬ್ಬಾಗುವುದು. ಗೃಹಪ್ರವೇಶದ ದಿನವು ಸಮೀಪಿಸಿರುವಾಗ, ಆ್ಯಸಿಡ್ ಸುರಿದರೆ ಗಳಿಗೆಯಲ್ಲಿ ಹೋದೀತೆಂದು ಯಾರೋ ಬುದ್ಧಿ ಹೇಳುವರು. ನಮ್ಮ ಪರಿಚಿತರೊಬ್ಬರು ಈ ಮಾತನ್ನು ನಂಬಿ, ದೇವರಮನೆಯ ಅಮೃತಶಿಲೆಯ ನೆಲಕ್ಕೆ ಹಾಗೆಯೇ ಮಾಡಿದರು. ಮಬ್ಬೇನೋ ಹೋಯಿತು, ಅದರೊಡನೆ ಕಲ್ಲಿನ ಹೊಳಪೂ ಹೋಯಿತು.

ಇದರ ಕಾರಣವನ್ನು ತಿಳಿಯುವುದು ಅವಶ್ಯಕ. ಟೈಲುಗಳ ಸಂದಿಗೆ ತುಂಬುವ ಗ್ರೌಟ್ ಸಾಮಾನ್ಯವಾಗಿ ಸಿಮೆಂಟಿನ ಪಾಕವೇ. ಮೇಲೆ ಉಳಿದ ತೆಳುವಾದ ಪದರದಲ್ಲಿನ ಸುಣ್ಣದ ಅಂಶವು ಗಾಳಿಯ ಇಂಗಾಲಾಮ್ಲ ವಾಯುವನ್ನು ಹೀರಿ ಕಲ್ಲಿನಂತಾಗುವುದು. ಹುಳಿಯು ಅದನ್ನು ಕರಗಿಸುವುದು ನಿಜ. ಆದರೆ ಅಮೃತಶಿಲೆ, ಶಹಾಬಾದಿನ ಕಲ್ಲು, ಕಡಪದ ಕಪ್ಪು ಕಲ್ಲು, ಇವೆಲ್ಲವೂ ಸುಣ್ಣದ ಜಾತಿಯವೇ. ಮಬ್ಬನ್ನು ಕರಗಿಸುವ ಹುಳಿಯು ಇವುಗಳನ್ನೂ ಕರಗಿಸದೆ ಬಿಡದು. ಸಿಮೆಂಟಿನ ಹೂಬಿಲ್ಲೆಗಳಿಗೂ ಇದೇ ಗತಿ. ಆದುದರಿಂದ ನೆಲವು ಯಾವುದೆಂದು ಮೊದಲು ತಿಳಿದುಕೊಳ್ಳತಕ್ಕದ್ದು.

ಸಂದಿಯ ಗ್ರೌಟ್ ಗಟ್ಟಿಯಾದೊಡನೆ, ಒಣಗಿದ ಒರಟು ಬಟ್ಟೆಯಿಂದ ನೆಲವನ್ನು ಚೆನ್ನಾಗಿ ಉಜ್ಜಬೇಕು. ಹೊಸ ಮಬ್ಬು ಬಹುಮಟ್ಟಿಗೆ ಇದರಿಂದಲೇ ಹೋಗುವುದು. ದಪ್ಪನಾಗಿ ಅಂಟಿದ್ದನ್ನು ನೀರಿನಲ್ಲಿ ನೆನೆಸಿ, ಮರದ ಚಕ್ಕೆಯನ್ನು ಓರೆಯಾಗಿ ಹಿಡಿದು ಎಬ್ಬಿಸಬೇಕು. ಕಬ್ಬಿಣದ ನಾರನ್ನು ಉಪಯೋಗಿಸಕೂಡದು. ಅದರಿಂದ ಗೀರುಗಳೂ ತುಕ್ಕಿನ ಕಲೆಗಳೂ ಆಗುವುವು. ಸುಣ್ಣದ ಜಾತಿಯ ಕಲ್ಲುಗಳಿಗೆ ಸೌಮ್ಯವಾದ ಸಾಬೂನಿನ ನೀರೂ ಮೆತ್ತನೆಯ ಬಟ್ಟೆಯೂ ಹೊರತು ಬೇರೇನೂ ಬೇಡ.

ಮೆರುಗಿನ ಪಿಂಗಾಣಿ ಟೈಲು ಅಥವಾ ವಿಟ್ರಿಫೈಡ್ ಟೈಲುಗಳಾದರೆ, ಗ್ರೌಟಿನ ಚೀಲದ ಮೇಲೆ ಬರೆದಿರುವಷ್ಟು ದಿನ ಕಾದು, 1 ಪಾಲು ಬಿಳಿಯ ವಿನಿಗರಿಗೆ 4 ಪಾಲು ನೀರನ್ನು ಬೆರೆಸಿ, ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಬೇಕು. ಸಂದುಗಳು ಹುಳಿಯನ್ನು ಹೀರದಂತೆ ನೆಲವನ್ನು ಮುಂಚಿತವಾಗಿ ಬರಿಯ ನೀರಿನಿಂದ ತೋಯಿಸಬೇಕು. ಕೆಲವು ನಿಮಿಷ ಬಿಟ್ಟು, ನಯವಾದ ಕುಂಚದಿಂದ ಉಜ್ಜಿ, ಎರಡು ಸಲ ತೊಳೆದು ಒರಸಬೇಕು. ಒಂದೇ ಸಲಕ್ಕೆ ಹೋಗದಿದ್ದರೆ ಪುನಃ ಹಾಗೆಯೇ ಮಾಡಬೇಕೇ ಹೊರತು ಹುಳಿಯನ್ನು ಹೆಚ್ಚಿಸಬಾರದು. ಎಪಾಕ್ಸಿ ಗ್ರೌಟ್ ಆಗಿದ್ದರೆ ಹುಳಿಯು ನಿಷ್ಪ್ರಯೋಜಕ. ಅದಕ್ಕೆಂದೇ ಮಾರುವ ದ್ರಾವಕವನ್ನು ವಿಳಂಬವಿಲ್ಲದೆ ತರಿಸಬೇಕು.

ಒಂದು ಎಚ್ಚರಿಕೆಯನ್ನು ಮನೆಯವರೆಲ್ಲರೂ ನೆನಪಿಡತಕ್ಕದ್ದು. ಯಾವ ಆ್ಯಸಿಡನ್ನೇ ಆಗಲಿ ಬ್ಲೀಚಿಂಗ್ ಪುಡಿಯೊಡನೆ ಸೇರಿಸಿದರೆ ಕ್ಲೋರಿನ್ ಎಂಬ ವಿಷವಾಯುವು ಹೊರಡುವುದು. ಮುಚ್ಚಿದ ಬಚ್ಚಲಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯಕರ.

ಎಲ್ಲಕ್ಕಿಂತ ಉತ್ತಮವಾದ ಉಪಾಯವು ಕೆಲಸಗಾರನು ಎದುರಿಗಿರುವಾಗಲೇ ನಡೆಯತಕ್ಕದ್ದು. ಗ್ರೌಟ್ ಬಿಗಿಯುತ್ತಿರುವಾಗಲೇ ಹಿಂಡಿದ ಸ್ಪಂಜಿನಿಂದ ಪ್ರತಿಯೊಂದು ಟೈಲನ್ನೂ ಒರಸಿಸಿಕೊಂಡ ಮೇಲೆಯೇ ಅವನ ಲೆಕ್ಕವನ್ನು ತೀರಿಸಿರಿ. ಅದು ತಪ್ಪಿಹೋಗಿದ್ದರೂ ಆತುರಪಡಬೇಡಿರಿ. ಮಬ್ಬಾದ ನೆಲದ ಮೇಲೆ ಗೃಹಪ್ರವೇಶವನ್ನು ಮಾಡಿದರೆ ಕುಂದೇನೂ ಇಲ್ಲ. ಹೊಳಪು ಕಳೆದ ಕಲ್ಲನ್ನು ದಿನವೂ ನೋಡುತ್ತ ಬಾಳುವುದೇ ಕಷ್ಟ.